ಬಲೆ ಕತ್ತರಿಸಿದ ಏಡಿ

ಮನೆಯೊಂದರ ಗಾಜಿನ ತೊಟ್ಟಿಯಲ್ಲಿ ಸಾಕಿದ್ದ ಮೊಳದುದ್ದದ ಶಾರ್ಕ್ ಮೊಟ್ಟೆಯಿಟ್ಟಿತು. ಯಜಮಾನ ಅದನ್ನು ತೊಟ್ಟಿಯ ಮೂಲೆಯಲ್ಲೇ ಒಂದು ಬಲೆಯ ಪೆಟ್ಟಿಗೆಯೊಳಗಿಟ್ಟ. ನಾಲ್ಕು ತಿಂಗಳಿಗೆ ಮೊಟ್ಟೆಯೊಡೆದು ಮರಿ ಬಂತು.

ಶಾರ್ಕ್ ದಿನವೂ ಬಲೆಗೆ ಮೂತಿಯೊತ್ತಿ ಗೋಳಾಡುತ್ತಿತ್ತು: “ಹೆತ್ತವಳಿಂದ ಮಗುವನ್ನು ದೂರ ಮಾಡಿದನಲ್ಲ, ಪಾಪಿ!”

“ಅಳಬೇಡ ತಾಯಿ, ನನ್ನ ಕೊಂಡಿ ಇರುವುದು ಯಾತಕ್ಕೆ?” ಎಂದಿತು ಅದೇ ತೊಟ್ಟಿಯಲ್ಲಿದ್ದ ಏಡಿ.

ಗಾಜಿಗೆ ಅಂಟಿಕೊಂಡಿದ್ದ ಬಸವನಹುಳು ತಡೆಯಿತು: “ಯಜಮಾನ ಬಲೆ ಹಾಕಿದ್ದು ಯಾಕೆಂದು ಒಮ್ಮೆಯಾದರೂ ಯೋಚಿಸಿದೆಯಾ?”

“ನಿನಗೆ ಕರುಳೇ ಇಲ್ಲ,” ಎಂದು ಏಡಿ ಬಲೆ ಕತ್ತರಿಸಿತು.

ಮರಿ ಬಾಲ ಬಡಿಯುತ್ತಾ ಈಚೆ ಬಂತು. ಎದುರಿಗೆ ಸಣ್ಣದೇನೋ ಅಲುಗಾಡಿದ್ದನ್ನು ಕಂಡ ಶಾರ್ಕ್ ಗಬಕ್ಕನೆ ನುಂಗಿತು. ಆಮೇಲೆ ಖಾಲಿ ಬಲೆಯೊಳಗೆ ಇಣುಕಿ ಕೇಳಿತು:

“ಏಡಿಯಪ್ಪಾ, ನನ್ನ ಮಗು ಎತ್ತ ಹೋಯಿತು?”