ಮಗ್ಗದ ಗುಂಡಿಯ ಹಾವು

ಅಡಿವೆಪ್ಪನೆಂಬ ಶಿಷ್ಯ ಒಂದು ದಿನ ಗುರುಗಳನ್ನು ಕೇಳಿದ: "ಗುರುಗಳೇ, ನನಗೆ ಮದುವೆಯಾಗಿ ಮೂರು ವರ್ಷವಾಯಿತು. ಸಂಸಾರದಲ್ಲಿ ಒಂದಿಷ್ಟು ಹೆದರಿಕೆ ಇರಬೇಕು, ಹೆದರಿಕೆ ಇದ್ದರೆ ಹೆಂಡತಿ ಗಂಡನನ್ನು ಬಿಟ್ಟು ಅತ್ತಿತ್ತ ಸರಿಯುವುದಿಲ್ಲ ಎಂದು ಮನೆಯ ಹಿರಿಯರು ಹೇಳುತ್ತಾರೆ. ಯಾವ ಕಾರಣದಿಂದಲೇ ಆಗಲಿ, ಅವಳು ಹತ್ತಿರ ಇದ್ದರೆ ಸಾಕಲ್ಲವೇ?"

ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಮನೆಯಲ್ಲಿ ಅವನು, ಅವನ ಹೆಂಡತಿ ಇಬ್ಬರೇ. ಅವನದು ಗುಂಡಿಮಗ್ಗ. ನೆಲದಲ್ಲಿ ಮೊಣಕಾಲು ಮುಳುಗುವಷ್ಟು ಗುಂಡಿ ತೋಡಿ, ಅದರ ಅಂಚಿನಲ್ಲಿ ಕುಳಿತು, ಕಾಲುಗಳನ್ನು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತ ಅವನು ಸೀರೆ ನೇಯುತ್ತಿದ್ದ. ಅವಳು ಹಿತ್ತಿಲಿನಲ್ಲಿ ರಾಟೆಯ ಮುಂದೆ ಕುಳಿತು ಮಗ್ಗದಲ್ಲಿ ಅಡ್ಡ ಎಳೆ ಹಾಯಿಸುವ ಅವನ ಲಾಳಿಗೆ ಬೇಕಾದ ನೂಲು ಸುತ್ತುತ್ತಿದ್ದಳು.

ಇಬ್ಬರ ನಡುವೆ ಜಗಳವಿರಲಿಲ್ಲ. ಹನ್ನೊಂದು ವರ್ಷದಲ್ಲಿ ಮಾತು ತಾನಾಗಿ ಸವೆದುಹೋಗಿತ್ತು. "ಊಟಕ್ಕೆ ಬನ್ನಿ" ಎಂದು ಅವಳು, "ನೂಲು ಮುಗಿಯಿತು" ಎಂದು ಅವನು. ದಿನಕ್ಕೆ ಇಷ್ಟೇ. ಅವನು ಹೊರಗಿನ ಕಟ್ಟೆಯ ಮೇಲೆ ಮಲಗುತ್ತಿದ್ದ, ಅವಳು ಒಳಗೆ. ಇದು ಯಾರ ತಪ್ಪು ಎಂದು ಇಬ್ಬರೂ ಯೋಚಿಸಿರಲಿಲ್ಲ. ಇದು ತಪ್ಪು ಎಂದೇ ಅವರಿಗೆ ತೋರಿರಲಿಲ್ಲ.

ಒಂದು ಮಧ್ಯಾಹ್ನ ಅವನು ನೇಯುತ್ತಿದ್ದಾಗ ಎಡಗಾಲಿನ ಮೇಲೆ ಏನೋ ತಣ್ಣಗೆ ತಾಗಿತು. ನೂಲಿನ ಎಳೆ ಇರಬೇಕು ಎಂದುಕೊಂಡ. ಎಳೆಗೆ ಅಷ್ಟು ಭಾರ ಇರುವುದಿಲ್ಲ ಎಂದು ಮರುಗಳಿಗೆಗೆ ಹೊಳೆಯಿತು. ಬಗ್ಗಿ ನೋಡಿದ. ಮುಂಗೈ ದಪ್ಪದ ಹಾವು ಅವನ ಪಾದದ ಮೇಲಿಂದ ಹಾಯ್ದು ಹೋಗುತ್ತಿತ್ತು.

ಕಾಲು ಎತ್ತಿದರೆ ಸಾವು. ಎತ್ತದಿದ್ದರೂ ಸಾವು ಪಾದದ ಮೇಲೆಯೇ ಇದೆ. ಕೈಯಲ್ಲಿದ್ದ ಲಾಳಿ ಬೆವರಿಗೆ ಜಾರತೊಡಗಿತು. ಅದು ಗುಂಡಿಗೆ ಬಿದ್ದರೆ ಹಾವು ಬೆದರುತ್ತದೆಂದು ಬೆರಳುಗಳನ್ನು ಬಿಗಿದು ಹಿಡಿದ.

ಅಷ್ಟರಲ್ಲಿ ಹೆಂಡತಿ ನೂಲಿನ ಬುಟ್ಟಿ ಹಿಡಿದು ಒಳಗೆ ಬಂದಳು. ಅವನ ಮುಖ ನೋಡಿದಳು. ಅವನು ಕಣ್ಣಿನಿಂದಲೇ ಗುಂಡಿಯನ್ನು ತೋರಿಸಿದ. ಅವಳು ಕೂಗಲಿಲ್ಲ, ಓಡಲಿಲ್ಲ. ಬುಟ್ಟಿಯನ್ನು ಎದೆಗವಚಿಕೊಂಡು ನಿಂತಲ್ಲೇ ನಿಂತಳು. ಹಾವು ಪಾದದ ಮೇಲೆಯೇ ತಡೆದು ನಿಂತಿತು. ಅನ್ನ ಬೇಯುವಷ್ಟು ಹೊತ್ತು ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಹಾಗೆಯೇ ಇದ್ದರು. ಹೆಂಡತಿಯ ಬಲಗಣ್ಣಿನ ಕೆಳಗೆ ಒಂದು ಸಣ್ಣ ಮಚ್ಚೆ ಇರುವುದನ್ನು ಅವನು ಅಂದು ಕಂಡ. ಮೊದಲು ಕಂಡಿದ್ದನೋ ಇಲ್ಲವೋ ನೆನಪಾಗಲಿಲ್ಲ.

ಕೊನೆಗೆ ಹಾವಿನ ಬಾಲ ಗುಂಡಿಯ ಗೋಡೆಯ ಬಿರುಕಿನೊಳಗೆ ಸೇರಿತು. ಅವಳು ಬುಟ್ಟಿ ಬಿಟ್ಟು ಓಡಿಬಂದು ಅವನ ರಟ್ಟೆ ಹಿಡಿದು ಮೇಲೆಳೆದಳು. ಇಬ್ಬರೂ ಅಂಗಳಕ್ಕೆ ಬಂದು ಕುಳಿತರು. ಅವನ ಕಾಲುಗಳು ನಡುಗುತ್ತಿದ್ದವು. ಅವಳು ಎರಡೂ ಕೈಯಿಂದ ಅವುಗಳನ್ನು ಒತ್ತಿ ಹಿಡಿದಳು. ನಡುಕ ಅವಳ ಕೈಗೂ ಹತ್ತಿತು.

ಊರವರು ಬಂದು ಹಾರೆಯಿಂದ ಬಿರುಕನ್ನು ಅಗೆದರು. ಅದು ಗೋಡೆಯ ಬುಡದಲ್ಲಿ ಕವಲೊಡೆದು ಎಲ್ಲೆಲ್ಲಿಗೋ ಹೋಗಿತ್ತು. ಹಾವು ಸಿಗಲಿಲ್ಲ. "ಒಳಗೆಲ್ಲೋ ಇದೆ. ಜೋಪಾನ" ಎಂದು ಹೇಳಿ ಹೋದರು.

ಅಂದಿನಿಂದ ಆ ಮನೆಯ ರೀತಿಯೇ ಬೇರೆಯಾಯಿತು. ಅವನು ಕಟ್ಟೆ ಬಿಟ್ಟು ಒಳಗೆ ಬಂದ. ಇದ್ದ ಒಂದೇ ಮಂಚದ ಮೇಲೆ ಇಬ್ಬರೂ ಮಲಗಿದರು. ಅವಳು ನೀರಿಗೆ ಹೊರಟರೆ ಅವನು ಜೊತೆಗೆ ಹೋಗುತ್ತಿದ್ದ. ಅವಳು ಮಡಕೆಗೆ ಕೈ ಹಾಕುವ ಮೊದಲು ಅವನು ಕೋಲಿನಿಂದ ತಟ್ಟಿ ನೋಡುತ್ತಿದ್ದ. ಅವನು ನೇಯಲು ಕುಳಿತರೆ ಅವಳು ರಾಟೆಯನ್ನು ಮಗ್ಗದ ಪಕ್ಕಕ್ಕೆ ತಂದುಕೊಂಡು, ಗುಂಡಿಯಲ್ಲೊಂದು ದೀಪ ಇಟ್ಟು, ಅವನ ಕಾಲುಗಳ ಮೇಲೆ ಕಣ್ಣಿಟ್ಟು ಕೂರುತ್ತಿದ್ದಳು. ಸುಮ್ಮನೆ ಕುಳಿತರೆ ಭಯ ಹೆಚ್ಚುತ್ತದೆಂದು ಮಾತಾಡುತ್ತಿದ್ದಳು. ತಾನು ಚಿಕ್ಕವಳಿದ್ದಾಗ ಬಾವಿಗೆ ಬಿದ್ದ ಹೋತವನ್ನು ಎತ್ತಲು ಇಳಿದ ಸೋದರಮಾವ ತಾನೂ ಮೇಲೆ ಬರಲಾಗದೆ ಸಂಜೆಯವರೆಗೆ ಹೋತದ ಜೊತೆ ನಿಂತ ಕತೆ ಹೇಳಿದಳು. ನೇಕಾರ ನಕ್ಕ. ತನ್ನ ನಗೆಯನ್ನು ಕೇಳಿ ಅವನಿಗೇ ಆಶ್ಚರ್ಯವಾಯಿತು.

ಐದನೆಯ ದಿನ ಬೆಳಿಗ್ಗೆ ಅವನು ಮುಖ ತೊಳೆಯಲು ಹಿತ್ತಿಲಿಗೆ ಹೋದ. ಆ ಹಾವು ಗೋಡೆಯ ಬುಡದಿಂದ ಹೊರಬಿದ್ದು ಬೇಲಿ ದಾಟುತ್ತಿತ್ತು. ಕೋಲು ಹಿಡಿದು ದೂರದಿಂದ ಹಿಂಬಾಲಿಸಿದ. ಹೊಲದ ಬದುವಿನಲ್ಲಿ ಒಂದು ಮುಂಗುಸಿ ಅದಕ್ಕೆ ಅಡ್ಡ ಬಂತು. ಸ್ವಲ್ಪ ಹೊತ್ತಿಗೆಲ್ಲ ಹಾವು ಸತ್ತು ಬಿತ್ತು. ಅಲ್ಲೇ ಕುರಿ ಮೇಯಿಸುತ್ತಿದ್ದ ಕುರಿಗಾಹಿಯೊಬ್ಬ ಅದನ್ನು ನೋಡಿ, "ನಿಮ್ಮ ಮನೆಯದು ಇದೇ ಇರಬೇಕು. ಇನ್ನು ನಿಶ್ಚಿಂತೆ" ಎಂದ.

ನೇಕಾರ ಹೆಂಡತಿಗೆ ಹೇಳಬೇಕೆಂದು ಲಗುಬಗೆಯಿಂದ ಮನೆಗೆ ಬಂದ. ಅವಳು ಹೊಸ್ತಿಲ ಹೊರಗೆ ನಿಂತಿದ್ದಳು.

"ಎಲ್ಲಿಗೆ ಹೋಗಿದ್ದಿರಿ? ನೀವಿಲ್ಲದೆ ಒಳಗೆ ಕಾಲಿಡಲು ಧೈರ್ಯ ಬರಲಿಲ್ಲ" ಎಂದು ಅವನ ಕೈ ಹಿಡಿದುಕೊಂಡಳು.

ಹನ್ನೊಂದು ವರ್ಷದಲ್ಲಿ ಅವಳು ಹಾಗೆ ಅವನ ಕೈ ಹಿಡಿದಿರಲಿಲ್ಲ. ನಾಲಿಗೆಯ ತುದಿಗೆ ಬಂದ ಮಾತು ಅಲ್ಲೇ ನಿಂತಿತು. ಹಾವಿಲ್ಲವೆಂದು ತಿಳಿದರೆ ರಾಟೆ ಹಿತ್ತಿಲಿಗೆ ಹೋಗುತ್ತದೆ, ತಾನು ಕಟ್ಟೆಗೆ ಹೋಗಬೇಕು ಎಂದು ಅವನಿಗೆ ಅನ್ನಿಸಿತು. ನಾಳೆ ಹೇಳಿದರಾಯಿತು ಎಂದುಕೊಂಡು ಅವಳ ಕೈ ಹಿಡಿದು ಒಳಗೆ ನಡೆದ.

ನಾಳೆ ಬಂತು, ಹೋಯಿತು. ಎರಡನೆಯ ದಿನ ಹೇಳಹೊರಟರೆ, ನಿನ್ನೆಯೇ ಏಕೆ ಹೇಳಲಿಲ್ಲ ಎಂದು ಕೇಳುತ್ತಾಳೆಂಬ ಅಳುಕು. ಹಾಗೆ ಐದು ದಿನ ಕಳೆಯುವಷ್ಟರಲ್ಲಿ ಆ ಅಳುಕು ಐದರಷ್ಟಾಗಿತ್ತು.

ಒಂದು ವಾರ ಕಳೆಯಿತು. ಅವಳು ರಾಟೆ ತಿರುಗಿಸುತ್ತ ಹೇಳಿದಳು: "ಇಷ್ಟು ದಿನವಾಯಿತು, ಅದರ ಸುಳಿವಿಲ್ಲ. ಬಿಟ್ಟು ಹೋಗಿರಬೇಕು."

ನೇಕಾರ ಮಗ್ಗದಿಂದ ತಲೆಯೆತ್ತದೆ ಹೇಳಿದ: "ಬೆಳಿಗ್ಗೆ ಜೋಳದ ಗುಡಾಣದ ಹಿಂದೆ ಏನೋ ಸರಿದ ಹಾಗಾಯಿತು."

ರಾಟೆ ನಿಂತಿತು. ಅವಳು ಎದ್ದು ಬಂದು ಅವನ ಬೆನ್ನಿಗೆ ತಾಗಿ ಕುಳಿತಳು. ಅವಳ ಎದೆ ಹೊಡೆದುಕೊಳ್ಳುವುದು ಅವನ ಬೆನ್ನಿಗೆ ತಿಳಿಯುತ್ತಿತ್ತು. ಅವನಿಗೆ ಹಿತವೂ ಆಯಿತು, ನಾಚಿಕೆಯೂ ಆಯಿತು. ಹಿತವೇ ಹೆಚ್ಚಾಗಿತ್ತು.

ಅಲ್ಲಿಂದ ಮುಂದೆ ಅವಳ ಭಯ ಬೇರೆ ಬಗೆಯದಾಯಿತು. ಮೊದಲು ಅದು ಮಾತಾಡಿಸುತ್ತಿತ್ತು, ಈಗ ಬಾಯಿ ಮುಚ್ಚಿಸಿತು. ಕತೆಗಳು ನಿಂತವು. ಮಂಚದ ಮೇಲೆ ಅವಳು ಕಾಲು ಮಡಿಚಿಕೊಂಡು ಕಣ್ಣು ತೆರೆದೇ ಇರುತ್ತಿದ್ದಳು. ನೆಲದ ಮೇಲೆ ಕುಳಿತು ಉಣ್ಣುವುದನ್ನು ಬಿಟ್ಟು ನಿಂತೇ ನಾಲ್ಕು ತುತ್ತು ತಿನ್ನುತ್ತಿದ್ದಳು. ಕೆನ್ನೆ ಒಳಸೇರಿತು. ಹೊಲಕ್ಕೆ ಒಯ್ಯುವ ಕುಡುಗೋಲನ್ನು ಮಸೆದು ರಾಟೆಯ ಪಕ್ಕದಲ್ಲೇ ಇಟ್ಟುಕೊಂಡಳು.

ನೇಕಾರನಿಗೂ ಭಯ ಬಿಡಲಿಲ್ಲ. ಅವಳು ಹಾವಿಗೆ ಹೆದರಿದರೆ ಅವನು ಕುರಿಗಾಹಿಗೆ ಹೆದರಿದ. ದಾರಿಯಲ್ಲಿ ಕುರಿಗಳ ಸದ್ದು ಕೇಳಿದರೆ ಹೆಂಡತಿಯನ್ನು ಬೇರೆ ಓಣಿಗೆ ತಿರುಗಿಸುತ್ತಿದ್ದ. ಅವಳು ನೆರೆಯವರೊಡನೆ ನಿಂತರೆ ಏನಾದರೊಂದು ನೆಪ ಹೇಳಿ ಕರೆದುಬಿಡುತ್ತಿದ್ದ. ನೀರಿಗೆ ಅವಳ ಜೊತೆ ಹೋಗುವುದನ್ನು ಬಿಟ್ಟಿರಲಿಲ್ಲ. ಈಗ ಕಾವಲಿಗೆ ಹೋಗುತ್ತಿದ್ದ. ಒಂದು ಸಂಜೆ ಕುರಿಗಾಹಿ ಎದುರಿಗೇ ಬಂದ. ಏನೋ ಕೇಳಲು ಬಾಯಿ ತೆರೆದ. ನೇಕಾರ ಎಡವಿದವನಂತೆ ಹೆಂಡತಿಯ ಕೊಡಕ್ಕೆ ಕೈ ತಾಗಿಸಿದ. ಕೊಡ ಬಿದ್ದು ಒಡೆಯಿತು. ಅವಳು ಚೂರುಗಳನ್ನು ಆರಿಸುವಷ್ಟರಲ್ಲಿ ಕುರಿಗಳು ದಾಟಿಹೋದವು. "ನಿಮಗೂ ನಿದ್ದೆ ಸಾಲದು, ಪಾಪ" ಎಂದಳು ಅವಳು.

ಆ ಮಾತು ಅವನಿಗೆ ಮುಳ್ಳಿನಂತೆ ನಾಟಿತು. ಆದರೂ ಹೇಳಲಿಲ್ಲ.

ಹಾವು ಬಂದು ತಿಂಗಳು ತುಂಬಿತ್ತು. ಮಧ್ಯಾಹ್ನ ಅವನು ನೇಯುತ್ತಿದ್ದ. ಅವಳು ಪಕ್ಕದಲ್ಲಿದ್ದಳು. ಅವಳ ಕಣ್ಣು ಗುಂಡಿಯ ಮೇಲಿತ್ತು. ತುಳಿಯುವ ಹಲಗೆಗೆ ಕಟ್ಟಿದ್ದ ಹಗ್ಗ ಹಳೆಯದು. ಅದು ತುಂಡಾಗಿ ಸುರುಳಿ ಸುರುಳಿಯಾಗಿ ಅವನ ಪಾದದ ಮೇಲೆ ಬಿತ್ತು. ಅವನು ಕಾಲು ಕೊಡವಿದ. ದೀಪದ ಮಂದ ಬೆಳಕಿನಲ್ಲಿ ಹಗ್ಗ ಹೊರಳಿತು.

ಅವಳು ಈ ಸಲವೂ ಕೂಗಲಿಲ್ಲ. ಕುಡುಗೋಲು ಎತ್ತಿದಳು, ಬೀಸಿದಳು.

ಹಗ್ಗ ಎರಡಾಯಿತು. ಅದರೊಡನೆ ಅವನ ಎಡಗಾಲಿನ ಎರಡು ಬೆರಳುಗಳೂ ಹೋದವು.

ನೇಕಾರ ಅಂಚಿನಿಂದ ಹಿಂದಕ್ಕೆ ಉರುಳಿದ. ಅವಳು ಮಗ್ಗದ ಮೇಲಿದ್ದ ಹೊಸ ಸೀರೆಯನ್ನೇ ಕತ್ತರಿಸಿ ಅವನ ಪಾದಕ್ಕೆ ಸುತ್ತಿದಳು. ಒಂದು ಕೈಯಿಂದ ಗಾಯ ಒತ್ತಿ ಹಿಡಿದೇ ಇನ್ನೊಂದು ಕೈಯಿಂದ ದೀಪ ತೆಗೆದು ಗುಂಡಿಯೊಳಗೆ ಹುಡುಕತೊಡಗಿದಳು. "ಏಟು ಸರಿಯಾಗಿ ಬಿತ್ತೋ ಇಲ್ಲವೋ. ಮತ್ತೆ ಬರುತ್ತದೆ. ನೀವು ಕಾಲು ಮೇಲೆ ಇಡಿ, ಕಾಲು ಮೇಲೆ ಇಡಿ" ಎನ್ನುತ್ತಿದ್ದಳು. ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ದೀಪದ ಎಣ್ಣೆ ಅವಳ ಕೈಮೇಲೆ ಚೆಲ್ಲುತ್ತಿದ್ದರೂ ಅವಳಿಗೆ ತಿಳಿಯಲಿಲ್ಲ.

ನೇಕಾರ ಆ ಮುಖವನ್ನು ನೋಡಿದ. ಕಾಲಿನ ನೋವನ್ನು ತಾಳಿಕೊಳ್ಳಬಹುದಾಗಿತ್ತು. ಇದನ್ನು ತಾಳಲಾಗಲಿಲ್ಲ.

"ಹುಡುಕಬೇಡ. ಅದು ಸತ್ತಿದೆ" ಎಂದ.

"ಎಲ್ಲಿ?"

"ಇಲ್ಲಲ್ಲ. ಹೊಲದ ಬದುವಿನಲ್ಲಿ. ಬಂದ ಐದನೆಯ ದಿನವೇ. ನಾನು ಕಣ್ಣಾರೆ ನೋಡಿದೆ."

ಅವಳು ದೀಪವನ್ನು ನೆಲದ ಮೇಲಿಟ್ಟಳು. ಗುಡಾಣದ ಹಿಂದೆ ಸರಿದದ್ದು ಏನು ಎಂದು ಕೇಳಲಿಲ್ಲ. ಒಡೆದ ಕೊಡದ ಮಾತೆತ್ತಲಿಲ್ಲ. ಗಾಯದ ಮೇಲಿನ ಕೈಯನ್ನು ಮಾತ್ರ ತೆಗೆಯಲಿಲ್ಲ. ಕೊನೆಗೆ ಹೇಳಿದಳು:

"ಆ ದಿನವೇ ಹೇಳಿದ್ದರೂ ನಾನು ರಾಟೆಯನ್ನು ಹಿತ್ತಿಲಿಗೆ ಒಯ್ಯುತ್ತಿರಲಿಲ್ಲ."

ಅವಳು ಅಳಲಿಲ್ಲ. ಎದ್ದು ಹೋಗಿ ಔಷಧಿ ಕೊಡುವವನನ್ನು ಕರೆದುಕೊಂಡು ಬಂದಳು. ಒಬ್ಬಳೇ ಹೋದಳು, ಹೊಲದ ದಾರಿಯಲ್ಲೇ ಹೋದಳು.

ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಅವಳು ದಿನವೂ ಪಾದ ತೊಳೆದು, ಸೊಪ್ಪು ಅರೆದು ಕಟ್ಟಿದಳು. ಅವನ ಕೈಗೆ ಊಟ ಕೊಟ್ಟಳು. ಹೆಗಲು ಕೊಟ್ಟು ನಡೆಸಿದಳು. ಒಂದು ಬಿರುಸು ಮಾತೂ ಆಡಲಿಲ್ಲ. ಮಂಚ ಒಂದೇ ಇತ್ತು, ರಾಟೆ ಮಗ್ಗದ ಪಕ್ಕದಲ್ಲೇ ಇತ್ತು. ನೋಡಿದವರು, ಹೆಂಡತಿಯೆಂದರೆ ಇವಳು ಎಂದರು.

ನೇಕಾರನಿಗೆ ಮಾತ್ರ ಒಂದು ವಿಷಯ ತಿಳಿಯುತ್ತಿತ್ತು. "ಬಾಗಿಲ ಅಗಳಿ ಹಾಕಿದ್ದೇನೆ" ಎಂದು ಅವನು ಹೇಳಿದರೆ ಅವಳು "ಹೂಂ" ಎನ್ನುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋಗಿ ಅಗಳಿ ಮುಟ್ಟಿ ನೋಡಿ ಬರುತ್ತಿದ್ದಳು. "ಮೋಡ ಕಟ್ಟಿದೆ" ಎಂದರೆ ಹೊರಗೆ ಹೋಗಿ ಆಕಾಶ ನೋಡುತ್ತಿದ್ದಳು. "ನೋವು ಕಡಿಮೆಯಾಗಿದೆ" ಎಂದರೆ ಕಟ್ಟು ಬಿಚ್ಚಿ ಗಾಯವನ್ನೇ ನೋಡುತ್ತಿದ್ದಳು. ಅವನನ್ನು ನೋಯಿಸಬೇಕೆಂದು ಹಾಗೆ ಮಾಡುತ್ತಿರಲಿಲ್ಲ. ತಾನು ಹಾಗೆ ಮಾಡುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ.

ಒಂದು ಮಳೆಗಾಲದ ಸಂಜೆ ಅವರಿಬ್ಬರೂ ಮಗ್ಗದ ಬಳಿ ಕುಳಿತಿದ್ದಾಗ ನೇಕಾರ, ಬಹಳ ದಿನಗಳಿಂದ ಎದೆಯಲ್ಲಿ ಇಟ್ಟುಕೊಂಡದ್ದನ್ನು ಹೇಳಿದ: "ನೀನು ಹತ್ತಿರ ಇದ್ದರೆ ನನಗೆ ನೆಮ್ಮದಿ. ಅದೊಂದು ನಿಜ."

ಅವಳು ರಾಟೆ ನಿಲ್ಲಿಸಿ ಅವನ ಮುಖವನ್ನು ನೋಡಿದಳು. ಅಗಳಿಯನ್ನು ಮುಟ್ಟಿ ನೋಡಬಹುದು, ಆಕಾಶವನ್ನು ನೋಡಬಹುದು. ಇದನ್ನು ಎಲ್ಲಿ ಹೋಗಿ ನೋಡುವುದೆಂದು ಅವಳಿಗೆ ತಿಳಿಯಲಿಲ್ಲ. ತಲೆ ತಗ್ಗಿಸಿ ಮತ್ತೆ ನೂಲು ಸುತ್ತತೊಡಗಿದಳು.

ನೇಕಾರನಿಗೆ ಅಂದು ಹಾವು ಪಾದದ ಮೇಲೆ ಹಾಯ್ದಾಗ ಆದದ್ದಕ್ಕಿಂತ ಹೆಚ್ಚು ಭಯವಾಯಿತು.

ಗುರುಗಳು ಇಷ್ಟು ಹೇಳಿ ಕತೆ ಮುಗಿಸಿದರು. ಅಡಿವೆಪ್ಪ ಕೇಳಿದ: "ಆಮೇಲೆ ಅವಳು ಅವನನ್ನು ಬಿಟ್ಟು ತವರಿಗೆ ಹೋದಳೇ, ಗುರುಗಳೇ?"

"ಇಲ್ಲ, ಕೊನೆಯವರೆಗೂ ಹತ್ತಿರವೇ ಇದ್ದಳು, ನೀನು ಕೇಳಿದ್ದೂ ಅಷ್ಟನ್ನೇ ಅಲ್ಲವೇ?" ಎಂದರು ಗುರುಗಳು.