ಏಳನೆಯ ತಿರುವು

"ಗುರುಗಳೇ, ನನಗೆ ಮುಂದಿನ ಸಾಧನೆ ಯಾವಾಗ ಕೊಡುತ್ತೀರಿ?" ಎಂದು ಚನ್ನವೀರ ಕೇಳಿದ.

ಅವನು ಆಶ್ರಮಕ್ಕೆ ಬಂದು ಎರಡು ವರ್ಷವಾಗಿತ್ತು. ಹೆಗಲಲ್ಲಿ ಚೀಲವಿತ್ತು. ಸರಿಯಾದ ಉತ್ತರ ಸಿಕ್ಕರೆ ಇರುವುದು, ಇಲ್ಲದಿದ್ದರೆ ಹತ್ತು ಗಂಟೆಯ ಬಸ್ಸಿಗೆ ಹೊರಟು ಬೇರೆ ಗುರುವನ್ನು ಹುಡುಕುವುದು ಎಂದು ತೀರ್ಮಾನಿಸಿಯೇ ಬಂದಿದ್ದ. ಮಾತಾಡುವಾಗಲೂ ಅವನ ಕಣ್ಣು ರಸ್ತೆಯ ಕಡೆಗಿತ್ತು.

"ಎರಡು ವರ್ಷದಿಂದ ಅದೇ ಕೂರುವುದು, ಅದೇ ಉಸಿರು ಎಣಿಸುವುದು. ಸಾಲದ್ದಕ್ಕೆ ಅದನ್ನೇ ಹೊಸಬರಿಗೆ ಹೇಳಿಕೊಡು ಅನ್ನುತ್ತೀರಿ. ನಿನ್ನೆ ಆ ನೀಲಗಂಗಮ್ಮ ಬಂದರು. ಗಂಡ ತೀರಿಕೊಂಡ ಮೇಲೆ ನಿದ್ದೆಯೇ ಇಲ್ಲವಂತೆ. ಕೇಳಿದ್ದನ್ನೇ ನಾಲ್ಕು ಸಲ ಕೇಳಿದರು. ಹತ್ತು ನಿಮಿಷದಲ್ಲಿ ಎಲ್ಲ ಹೇಳಿ ಮುಗಿಸಿ ಎದ್ದು ಬಂದೆ. ಇದರಲ್ಲಿ ನನಗೆ ಕಲಿಯುವುದಕ್ಕೆ ಏನು ಉಳಿದಿದೆ?"

ಗುರುಗಳು ಹರಿವೆ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತದೆ, "ಆ ಬಸ್ಸು ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿದೆ? ಕೂತುಕೋ. ಚೀಲ ಇಳಿಸಬೇಕಾಗಿಲ್ಲ" ಎಂದರು. ಆಮೇಲೆ ಕತೆ ಹೇಳಿದರು.

ಗುಡ್ಡಗಾಡಿನ ಒಂದು ಸೀಮೆಯಲ್ಲಿ ವಯಸ್ಸಾದ ಒಬ್ಬ ದಾರಿ ಕಡಿಯುವವನಿದ್ದ. ಊರಿಗೆ ಹೋಗುವ ದಾರಿಯಲ್ಲ, ಸೈಕಲ್ ಸವಾರರು ಗುಡ್ಡದ ನೆತ್ತಿಯಿಂದ ಇಳಿಯುವ ದಾರಿ. ದಪ್ಪ ಟೈರಿನ ಸೈಕಲ್ ಹತ್ತಿ ಗುಡ್ಡದಿಂದ ಕೆಳಗೆ ಬರುವುದು, ಅದೊಂದು ಹುಚ್ಚು. ಯಾಕೆ ಅಂತ ನನ್ನನ್ನು ಕೇಳಬೇಡ. ನಾವು ಕಣ್ಣು ಮುಚ್ಚಿ ಉಸಿರು ಎಣಿಸುವುದು ಯಾಕೆ ಅಂತ ಅವರೂ ಕೇಳಿಯಾರು.

ಅವನು ಒಂದೇ ನೆತ್ತಿಯಿಂದ ಮೂರು ದಾರಿ ಕಡಿದಿದ್ದ. ಪ್ರತಿ ದಾರಿಯ ತಲೆಯಲ್ಲಿ ಒಂದು ಕಲ್ಲು ನಿಲ್ಲಿಸಿ ಬಣ್ಣ ಬಳಿದಿದ್ದ. ಹಸಿರು ಕಲ್ಲಿನ ದಾರಿ ಕಲಿಯುವವರಿಗೆ. ಹನ್ನೊಂದು ತಿರುವು, ಎಲ್ಲವೂ ಅಗಲ. ನೀಲಿ ಕಲ್ಲಿನದು ಕೈ ಪಳಗಿದವರಿಗೆ. ಕಪ್ಪು ಕಲ್ಲಿನದು ಬಂಡೆಯಿಂದ ಬಂಡೆಗೆ ಹಾರಿ ಇಳಿಯುವ ದಾರಿ. ಅದಕ್ಕೆ ಬಿದಿರಿನ ಗೇಟು ಹಾಕಿ ಬೀಗದ ಕೈಯನ್ನು ಸೊಂಟದಲ್ಲಿ ಇಟ್ಟುಕೊಂಡಿದ್ದ.

ಆ ಗುಡ್ಡದಲ್ಲಿ ಒಂದು ಪದ್ಧತಿ ಇತ್ತು. ಇಳಿದವರು ಅದೇ ದಾರಿಯ ಅಂಚಿನಲ್ಲಿ ಸೈಕಲ್ ತಳ್ಳಿಕೊಂಡು ನಡೆದೇ ಮೇಲೆ ಬರಬೇಕು. ತನ್ನ ಚಕ್ರ ಎಲ್ಲಿ ಮಣ್ಣು ಕಿತ್ತಿದೆಯೋ ಅಲ್ಲಿ ನಿಂತು, ಮಣ್ಣು ಎಳೆದು, ತುಳಿದು ಮುಚ್ಚಬೇಕು. ಮುದುಕರು, ಹುಡುಗಿಯರು, ಎಲ್ಲರೂ ಹಾಗೆಯೇ ಮಾಡುತ್ತಿದ್ದರು.

ಅಲ್ಲಿಗೆ ಒಬ್ಬ ಸವಾರ ಬರತೊಡಗಿದ. ಚುರುಕಾದವನು. ನಿಂತಲ್ಲಿ ನಿಲ್ಲಲಾರ, ಕೂತಲ್ಲಿ ಕೂರಲಾರ. ಒಂದು ತಿಂಗಳಲ್ಲಿ ಹಸಿರು ದಾರಿ ಅವನಿಗೆ ಸಪ್ಪೆಯಾಯಿತು. ದಾರಿ ಕಡಿಯುವವನ ಬಳಿ ಹೋಗಿ, "ಕಪ್ಪು ದಾರಿಯ ಗೇಟು ಯಾವಾಗ ತೆಗೆಯುತ್ತೀರಿ?" ಎಂದು ಕೇಳಿದ.

"ನೀನು ಹೋದ ಮೇಲೆ ಹಸಿರು ದಾರಿ ಹೇಗಿರುತ್ತದೆ ನೋಡಿ ಹೇಳುತ್ತೇನೆ" ಎಂದ ಅವನು.

ಸವಾರ ಇದನ್ನು ತನಗೆ ಬೇಕಾದ ಹಾಗೆ ತಿಳಿದುಕೊಂಡ. ಎಷ್ಟು ಬೇಗ ಇಳಿಯುತ್ತೇನೆ ಎಂದು ಮುದುಕ ನೋಡಲಿ ಅಂದುಕೊಂಡ. ಅಂದಿನಿಂದ ಗಡಿಯಾರ ನೋಡಿಕೊಂಡು ಇಳಿಯತೊಡಗಿದ. ತಿರುವಿಗೆ ಮೊದಲೇ ವೇಗ ತಗ್ಗಿಸುವುದನ್ನು ಬಿಟ್ಟ. ಓಡುವಷ್ಟು ಓಡಿಸಿ, ತಿರುವಿನ ನಡುವೆ ಹಿಂದಿನ ಬ್ರೇಕು ಬಿಗಿಯಾಗಿ ಒತ್ತುತ್ತಿದ್ದ. ಚಕ್ರ ತಿರುಗುವುದು ನಿಂತು ನೆಲವನ್ನು ಕೆರೆಯುತ್ತ ಹೋಗುತ್ತಿತ್ತು. ಹಿಂದೆ ಧೂಳು ಏಳುತ್ತಿತ್ತು. ಆ ಧೂಳು ಅವನಿಗೆ ಬಹಳ ಇಷ್ಟ. ಅದೇ ತನ್ನ ಜಾಣತನ ಎಂದು ನಂಬಿದ್ದ, ಪಾಪ.

ನಡೆದು ಹತ್ತುವುದಕ್ಕೆ ಅವನಿಗೆ ಪುರುಸೊತ್ತಿರಲಿಲ್ಲ. ಕೆಳಗೆ ಡಾಂಬರು ರಸ್ತೆಯಲ್ಲಿ ನೆತ್ತಿಗೆ ಹೋಗುವ ಟೆಂಪೊ ಸಿಗುತ್ತಿತ್ತು. ಸೈಕಲ್ ಎತ್ತಿ ಅದರೊಳಗೆ ಹಾಕಿ ಮೇಲೆ ಹೋಗುತ್ತಿದ್ದ. ಬೇರೆಯವರು ಒಂದು ಸಲ ಇಳಿಯುವಷ್ಟರಲ್ಲಿ ಇವನು ನಾಲ್ಕು ಸಲ ಇಳಿಯುತ್ತಿದ್ದ.

ಸಂಜೆ ದಾರಿ ಕಡಿಯುವವನೇ ಸಲಿಕೆ ಹಿಡಿದು ಬಂದು ಸವಾರ ಕಿತ್ತದ್ದನ್ನೆಲ್ಲ ಮುಚ್ಚುತ್ತಿದ್ದ. ಏನೂ ಹೇಳುತ್ತಿರಲಿಲ್ಲ. ಅಲ್ಲಿ ಅವನದೂ ತಪ್ಪಿದೆ ಅನ್ನು, ನಾನು ಬೇಡ ಅನ್ನುವುದಿಲ್ಲ. ಆಮೇಲೆ ಅವನು ಜ್ವರ ಬಂದು ಎಂಟು ದಿನ ಮಲಗಿದ. ಆ ಎಂಟು ದಿನವೂ ಮಳೆ ಹುಯ್ಯಿತು. ಸವಾರನ ಚಕ್ರ ಗೀರಿದ ಗೀರಿನಲ್ಲೇ ನೀರು ಹರಿಯಿತು.

ಸವಾರನಿಗೆ ಹೆಂಡತಿ ಇದ್ದಳು. ಚಿಕ್ಕವಳಿದ್ದಾಗ ಅವಳಿಗೆ ಯಾರೂ ಸೈಕಲ್ ಕಲಿಸಿರಲಿಲ್ಲ. ಗಂಡನ ಜೊತೆ ಒಂದು ಸಲವಾದರೂ ಗುಡ್ಡ ಇಳಿಯಬೇಕು ಎಂದು ಮೂರು ತಿಂಗಳು ಮನೆ ಮುಂದಿನ ಬೀದಿಯಲ್ಲಿ ಬಿದ್ದು ಎದ್ದು ಕಲಿತಿದ್ದಳು. ಮಳೆ ನಿಂತ ಮೇಲೆ ಅವನು ಅವಳನ್ನು ಕರೆದುಕೊಂಡು ಬಂದ. "ಹಸಿರು ಕಲ್ಲಿನದು ಮಕ್ಕಳ ದಾರಿ, ಹೆದರಬೇಡ. ನಿಧಾನವಾಗಿ ಬಾ. ನಾನು ನೀಲಿ ದಾರಿಯಲ್ಲಿ ಇಳಿದು ಕೆಳಗೆ ಕಾಯುತ್ತೇನೆ" ಎಂದು ಹೇಳಿ ಹೊರಟುಹೋದ.

ಕೆಳಗೆ ಬಂದು ನಿಂತ. ಅವಳು ಬರಲಿಲ್ಲ. ಗಡಿಯಾರ ನೋಡಿದ. ಅತ್ತ ನಡೆದ, ಇತ್ತ ನಡೆದ. ಮೊದಲು ಸಿಟ್ಟು ಬಂತು, ಆಮೇಲೆ ಹೆದರಿಕೆಯಾಯಿತು. ಸೈಕಲ್ ಬಿಟ್ಟು ಹಸಿರು ದಾರಿಯಲ್ಲಿ ಓಡುತ್ತ ಮೇಲೆ ಹತ್ತಿದ. ಆ ದಾರಿಯನ್ನು ಅವನು ನೆಲದ ಮೇಲೆ ಕಾಲಿಟ್ಟು ನೋಡಿದ್ದು ಅದೇ ಮೊದಲು. ಹನ್ನೊಂದನೆಯ ತಿರುವಿನಲ್ಲಿ ಒಂದು ಗೀರು. ಹತ್ತನೆಯದರಲ್ಲಿ ಕಾಲು ಹೂತುಹೋಗುವಷ್ಟು ಕೊರಕಲು. ಏಳನೆಯ ತಿರುವಿನಲ್ಲಿ ಮೊಳದಷ್ಟು ಆಳದ ಕಾಲುವೆ. ಅದರ ಪಕ್ಕದಲ್ಲಿ ಹೆಂಡತಿ ಮುರಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

ಅವಳು ಅಳುತ್ತಿರಲಿಲ್ಲ. ಅವನನ್ನೂ ಬೈಯಲಿಲ್ಲ, ದಾರಿಯನ್ನೂ ಬೈಯಲಿಲ್ಲ. "ಮಕ್ಕಳ ದಾರಿಯಲ್ಲೇ ಬಿದ್ದೆನಲ್ಲ. ಇದು ನನ್ನ ಕೈಯಲ್ಲಿ ಆಗುವಂಥದ್ದಲ್ಲ ಬಿಡಿ" ಎಂದಳು. ನಾಚಿಕೆಯಿಂದ ತಲೆ ತಗ್ಗಿಸಿದ್ದಳು. ಆ ತಗ್ಗಿದ ತಲೆಯನ್ನು ನೋಡಲು ಅವನಿಂದ ಆಗಲಿಲ್ಲ.

ಮರುದಿನ ಅವನು ಒಬ್ಬನೇ ಗುಡ್ಡಕ್ಕೆ ಬಂದ. ಹಸಿರು ಕಲ್ಲಿನ ಮುಂದೆ ದಾರಿ ಕಡಿಯುವವನು ಕುಕ್ಕರುಗಾಲಲ್ಲಿ ಕೂತಿದ್ದ. ಜ್ವರದಿಂದ ಎದ್ದ ಮುಖ. ಕೈಯಲ್ಲಿ ಬಣ್ಣದ ಡಬ್ಬಿ. ಹಸಿರಿನ ಮೇಲೆ ಕಪ್ಪು ಬಳಿಯುತ್ತಿದ್ದ.

"ಇದೇನು ಮಾಡುತ್ತಿದ್ದೀರಿ?" ಎಂದ ಸವಾರ.

"ಕಪ್ಪು ದಾರಿ ಕೇಳಿದ್ದೆಯಲ್ಲ, ನೀನೇ ಕಡಿದುಕೊಂಡಿದ್ದೀಯ. ಇನ್ನು ಕಲಿಯುವವರಿಗೆ ಈ ಗುಡ್ಡದಲ್ಲಿ ದಾರಿಯಿಲ್ಲ" ಎಂದು ಅವನು ಬೀಗದ ಕೈ ತೆಗೆದು ಸವಾರನ ಮುಂದೆ ಇಟ್ಟ. ಸಲಿಕೆಯನ್ನೂ ಪಕ್ಕದಲ್ಲೇ ಇಟ್ಟ.

ಗುರುಗಳು ಅಷ್ಟಕ್ಕೆ ನಿಲ್ಲಿಸಿ ಸೊಪ್ಪಿನ ದಂಟುಗಳನ್ನು ಒಂದು ಕಡೆ ಗುಡ್ಡೆ ಮಾಡಿದರು. ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಚನ್ನವೀರ ತಟ್ಟನೆ ಎದ್ದು ನಿಂತ. ಕತೆ ಅರ್ಧಕ್ಕೆ ನಿಂತದ್ದು ಅವನಿಗೆ ಸಹಿಸಲಾಗಲಿಲ್ಲ.

"ಸವಾರ ಯಾವುದನ್ನು ಎತ್ತಿಕೊಂಡ ಗುರುಗಳೇ? ಬೀಗದ ಕೈಯೋ, ಸಲಿಕೆಯೋ? ಬೇಗ ಹೇಳಿ, ಬಸ್ಸು ಬಂತು" ಎಂದ.

ಗುರುಗಳು ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿದರು.

"ಇದು ನನ್ನ ಕೈಯಲ್ಲಿ ಆಗುವಂಥದ್ದಲ್ಲ ಎಂದು ಹೇಳಿ ನೀಲಗಂಗಮ್ಮ ಬೆಳಗಿನ ಮೊದಲ ಬಸ್ಸಿಗೇ ಊರಿಗೆ ಹೋದರು."

ಬಸ್ಸು ಬಂದು ನಿಂತು, ಹೋಯಿತು. ಚನ್ನವೀರ ಹೆಗಲಿನ ಚೀಲ ಇಳಿಸಿದ.