ತೂತಿಲ್ಲದ ಕುಂಡ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನೀಲಗಂಗಮ್ಮ ಟೀಚರ್. ಹೈಸ್ಕೂಲಿನಲ್ಲಿ ಮೂರು ವರ್ಷ ಅವರು ನಮಗೆ ರಸಾಯನಶಾಸ್ತ್ರ ಕಲಿಸಿದರು. ಅದರಲ್ಲಿ ತಲೆಯಲ್ಲಿ ಉಳಿದದ್ದು ಕಡಿಮೆ; ಕರೆಂಟು ಹೋದ ಒಂದು ಮಧ್ಯಾಹ್ನ ಹೇಳಿದ ಇದು ಮಾತ್ರ ಉಳಿಯಿತು. ರಜೆ ಬಂದರೆ ಅವರು ಹೊಳೆಯ ದಡದ ಒಂದು ಸಣ್ಣ ಆಶ್ರಮಕ್ಕೆ ಹೋಗುತ್ತಿದ್ದರು. ಅಲ್ಲಿ ಒಬ್ಬ ಗುರುತಾಯಿ ಇದ್ದರು. ಶಿಷ್ಯೆಯೊಬ್ಬಳು ಈ ಪ್ರಶ್ನೆ ಕೇಳಿದ ದಿನ ಟೀಚರ್ ಆ ಶಿಷ್ಯೆಯ ಪಕ್ಕದಲ್ಲೇ ಕುಳಿತಿದ್ದರಂತೆ.

ಶಿಷ್ಯೆ ಕೇಳಿದಳು:

"ಅಮ್ಮಾ, ನನಗೆ ಇಬ್ಬರು ಹೆಣ್ಣುಮಕ್ಕಳಿದ್ದರು. ದೊಡ್ಡವಳು ಕಾಲೇಜಿಗೆಂದು ಹೊರಟವಳು ಅಪಘಾತದಲ್ಲಿ ರಸ್ತೆಯಲ್ಲೇ ಹೋಗಿಬಿಟ್ಟಳು. ಎರಡು ವರ್ಷವಾಯಿತು. ಈಗ ಇರುವವಳು ಚಿಕ್ಕವಳೊಬ್ಬಳೇ. ಅವಳಿಗೆ ಯಾವುದೂ ಕಡಿಮೆಯಾಗದಂತೆ ನೋಡಿಕೊಂಡಿದ್ದೇನೆ. ಕೂತಲ್ಲಿಗೇ ಊಟ ಕೊಡುತ್ತೇನೆ. ಪಾಠ ಹೇಳುವವರನ್ನು ಮನೆಗೇ ಕರೆಸುತ್ತೇನೆ. ಆದರೂ ಹುಡುಗಿ ದಿನದಿನಕ್ಕೆ ಬಾಡುತ್ತಿದ್ದಾಳೆ. ನಾನು ಇನ್ನೂ ಏನು ಕೊಡಬೇಕು?"

ಗುರುತಾಯಿ ಉತ್ತರವಾಗಿ ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ಅವನ ತಂದೆಯೂ ತಾತನೂ ನೀರಿನ ಗಡಿಗೆ ಮಾಡಿ ಬದುಕಿದವರು. ಇವನ ಕಾಲಕ್ಕೆ ಪ್ಲಾಸ್ಟಿಕ್ ಕೊಡ ಬಂತು, ಫ್ರಿಜ್ ಬಂತು. ಗಡಿಗೆಗಳು ಮನೆಯಲ್ಲೇ ಉಳಿದವು. ಕುಂಬಾರ ತಿಗರಿ ಚಕ್ರದ ಮುಂದೆ ತಲೆಯ ಮೇಲೆ ಕೈಹೊತ್ತು ಕುಳಿತ. ಅವನ ಹೆಂಡತಿ ಹೇಳಿದಳು:

"ಮನುಷ್ಯರು ಮಣ್ಣಿನಲ್ಲಿ ನೀರು ಕುಡಿಯುವುದು ಬಿಟ್ಟರೆ ಬಿಡಲಿ. ಗಿಡಗಳು ಬಿಟ್ಟಿಲ್ಲವಲ್ಲ."

ಹಾಗೆ ಅವರು ಗಿಡದ ಕುಂಡ ಮಾಡತೊಡಗಿದರು. ಕಿಟಕಿಯಲ್ಲಿಡುವ ಕುಂಡ, ಮೇಜಿನ ಮೇಲಿಡುವ ಕುಂಡ, ತೂಗುಹಾಕುವ ಕುಂಡ. ಹಸಿರು, ನೀಲಿ, ಜೇನುಬಣ್ಣದ ಮೆರುಗು. ಪೇಟೆಯವರು ಹುಡುಕಿಕೊಂಡು ಬಂದರು.

ಕೆಲಸ ಇಬ್ಬರಲ್ಲಿ ಹಂಚಿಹೋಗಿತ್ತು. ತಿಗರಿಯ ಮೇಲೆ ಕುಂಡ ಎತ್ತುವುದು ಅವನದು. ಕುಂಡ ಅರೆ ಒಣಗಿದಾಗ ಮಗುಚಿ ಹಾಕಿ ತಳಕ್ಕೆ ತೂತು ಮಾಡುವುದು ಅವಳದು. ಆ ಒಂದು ಕೆಲಸವನ್ನು ಅವನು ಮಾಡುತ್ತಿರಲಿಲ್ಲ. "ನಮ್ಮಪ್ಪ ಹೇಳುತ್ತಿದ್ದ, ಕುಂಬಾರನ ಕೈ ಗಡಿಗೆಯ ತಳ ಕಾಯಬೇಕು, ಕೆಡಿಸಬಾರದು. ತೂತಾದ ಗಡಿಗೆ ಬೇಕಾಗುವುದು ಮಸಣಕ್ಕೆ ಮಾತ್ರ" ಎನ್ನುತ್ತಿದ್ದ.

ಹೆಂಡತಿ ನಗುತ್ತಿದ್ದಳು. "ಹೌದೌದು. ನೀವು ಶಾಸ್ತ್ರ ಕಾಯ್ದುಕೊಂಡಿರಿ, ನಾನು ಗಿಡ ಕಾಯುತ್ತೇನೆ" ಎಂದು ತೋರುಬೆರಳನ್ನು ನೀರಿನಲ್ಲಿ ಅದ್ದಿ ತಳಕ್ಕೆ ಚುಚ್ಚಿ ಒಮ್ಮೆ ತಿರುಗಿಸುತ್ತಿದ್ದಳು. ಅಷ್ಟೇ. ಅವಳು ತೂತು ಮಾಡಿದ ಕುಂಡವೆಂದರೆ ಬೆರಳ ಗಾತ್ರದಿಂದಲೇ ಗುರುತು ಸಿಗುತ್ತಿತ್ತು.

ಹೆಂಡತಿಗೆ ಜ್ವರ ಬಂತು. ನಾಲ್ಕನೆಯ ದಿನ ಅವಳು ತೀರಿಕೊಂಡಳು.

ಕುಂಬಾರನ ಮನೆಯವರು ಗಡಿಗೆಯನ್ನು ಪೇಟೆಯಿಂದ ತರುವುದಿಲ್ಲ. ಅಟ್ಟದ ಮೇಲೆ ಉಳಿದಿದ್ದ ಹಳೆಯ ನೀರಿನ ಗಡಿಗೆಗಳಲ್ಲಿ ಒಂದನ್ನು ಇಳಿಸಿದರು. ಅವನೇ ಮಾಡಿದ್ದು. ನೀರು ತುಂಬಿ ಅವನ ಹೆಗಲಿಗಿಟ್ಟರು. ಮಸಣದಲ್ಲಿ ಚಿತೆಗೆ ಒಂದು ಸುತ್ತು ಬಂದಾಗ ಹಿಂದಿನಿಂದ ಅವಳ ಅಣ್ಣ ಕಲ್ಲಿನಿಂದ ಕುಟ್ಟಿ ಒಂದು ತೂತು ಮಾಡಿದ. ಎರಡನೆಯ ಸುತ್ತಿಗೆ ಎರಡನೆಯದು. ಮೂರಕ್ಕೆ ಮೂರು. ನೀರು ಅವನ ಬೆನ್ನ ಮೇಲೆ ಇಳಿಯಿತು. ಹಿಂದಿರುಗಿ ನೋಡದೆ ಗಡಿಗೆಯನ್ನು ಹಿಂದಕ್ಕೆ ಎಸೆ ಎಂದರು. ಎಸೆದ. ಅದು ಒಡೆದ ಸದ್ದನ್ನು ಅವನು ಕೇಳಿಸಿಕೊಂಡ.

ಹೆಂಡತಿ ಬಿಟ್ಟುಹೋದದ್ದರಲ್ಲಿ ಜೀವವಿದ್ದದ್ದು ಒಂದೇ. ಒಂದು ದೊಡ್ಡಪತ್ರೆ ಗಿಡ. ಕುಂಡ ಸುಡುವ ಆವಿಗೆಯ ಹೊಗೆಗೆ ಅವನು ಕೆಮ್ಮುತ್ತಿದ್ದಾಗ ಎರಡು ಎಲೆ ಕಿತ್ತು ಬಾಡಿಸಿ ರಸ ಹಿಂಡಿ ಕೊಡುತ್ತಿದ್ದಳು. ಕೇಳಿದವರಿಗೆಲ್ಲ ಒಂದು ಕಡ್ಡಿ ಮುರಿದು ಕೊಡುತ್ತಿದ್ದಳು. ಕುಂಡ ಮಾಡುವವರ ಮನೆಯ ಗಿಡಕ್ಕೆ ಕುಂಡವಿರಲಿಲ್ಲ. ಅದು ಬೆಳೆದದ್ದು ತುಕ್ಕು ಹಿಡಿದ ಎಣ್ಣೆಡಬ್ಬಿಯಲ್ಲಿ.

ಈ ಗಿಡವನ್ನು ಸಾಯಲು ಬಿಡುವುದಿಲ್ಲ ಎಂದು ಕುಂಬಾರ ನಿಶ್ಚಯಿಸಿದ. ಅದಕ್ಕೆ ಒಂದು ಕುಂಡ ಮಾಡಿದ. ಅಂಥ ಕುಂಡವನ್ನು ಅವನು ಅದಕ್ಕೆ ಮೊದಲು ಮಾಡಿರಲಿಲ್ಲ. ಮೈ ನವಿಲಿನ ಕೊರಳ ಬಣ್ಣ. ಒಳಗೂ ಮೆರುಗು, ಹೊರಗೂ ಮೆರುಗು.

(ಇಲ್ಲಿ ಟೀಚರ್ ತಮ್ಮ ವಿಷಯ ಬಿಡಲಿಲ್ಲ. "ಮೆರುಗು ಅಂದರೆ ಗಾಜು ಕಣ್ರೇ. ಬರೀ ಮಣ್ಣಿನ ಕುಂಡ ಗೋಡೆಯಿಂದಲಾದರೂ ಒಸರುತ್ತದೆ. ಗಾಜಿನಿಂದ ಏನೂ ಹೊರಗೆ ಹೋಗದು.")

ಪಕ್ಕದ ಮನೆಯ ಮುದುಕಿ ಬಂದು ಕುಂಡವನ್ನು ಎತ್ತಿ, ಮಗುಚಿ ನೋಡಿದಳು.

"ತಮ್ಮಾ, ಚಂದ ಆಗಿದೆ. ತೂತೆಲ್ಲಿ?"

"ಹಾಕಿಲ್ಲ, ಅಜ್ಜೀ."

"ಮರೆತೆಯಾ?"

"ಇಲ್ಲ. ಅವಳ ಗಿಡದ ಕೆಳಗೆ ನಾನು ತೂತು ಮಾಡಲಾರೆ. ಮೂರು ಆಗಲೇ ಆಗಿವೆ."

ಮುದುಕಿಗೆ ಅರ್ಥವಾಯಿತು. ಆದರೂ ಅವಳು ಮುದುಕಿ. ಸುಮ್ಮನಿರುವ ವಯಸ್ಸು ದಾಟಿತ್ತು. "ಆ ತುಕ್ಕು ಡಬ್ಬಿಗೆ ತಳವೇ ಇರಲಿಲ್ಲ ಕಣೋ. ಗಿಡ ಅದರಲ್ಲಿ ನಾಲ್ಕು ವರ್ಷ ರಾಣಿಯ ಹಾಗೆ ಇತ್ತು" ಎಂದಳು.

"ಅದಕ್ಕೇ ಈಗ ಒಳ್ಳೆಯ ಮನೆ ಕೊಡುತ್ತಿದ್ದೇನೆ" ಎಂದು ಅವನು ಗಿಡವನ್ನು ಕುಂಡಕ್ಕೆ ಇಳಿಸಿದ.

ಅಂದಿನಿಂದ ಅವನು ಮಾಡಿದ ಯಾವ ಕುಂಡಕ್ಕೂ ತೂತಿರಲಿಲ್ಲ. ಮಗುಚಿ ಹಾಕಿದ ಹಸಿ ಕುಂಡಗಳ ಮುಂದೆ ಕುಳಿತು ಬೆರಳು ಒದ್ದೆ ಮಾಡಿಕೊಳ್ಳುತ್ತಿದ್ದ. ಬೆರಳು ಒಣಗುವವರೆಗೆ ಕುಳಿತಿದ್ದು ಎದ್ದುಬಿಡುತ್ತಿದ್ದ. ಗಿರಾಕಿಯೊಬ್ಬ, "ಇದರಲ್ಲಿ ಗಿಡ ನೆಡಲೋ, ಮೀನು ಸಾಕಲೋ?" ಎಂದು ಕೇಳಿದ. ಗಿರಾಕಿ ಬೇರೆ ಕಡೆ ಹೋದ. ಬೇರೆಯವರೂ ಹೋದರು.

ಗಿಡಕ್ಕೆ ಮಾತ್ರ ಅವನು ಬೆಳಿಗ್ಗೆ ಒಂದು ತಂಬಿಗೆ, ಸಂಜೆ ಒಂದು ತಂಬಿಗೆ ನೀರು ಹಾಕಿದ. ಮೊದಲ ವಾರ ಎಲೆಗಳು ಉಬ್ಬಿ ದಪ್ಪಗಾದವು. ಅವನು ಮುದುಕಿಯನ್ನು ಕರೆದು ತೋರಿಸಿದ. ಮೂರನೆಯ ವಾರ ಕೆಳಗಿನ ಎಲೆ ಹಳದಿಯಾಯಿತು. ಬಾಯಾರಿಕೆ ಎಂದುಕೊಂಡು ಮಧ್ಯಾಹ್ನವೂ ಒಂದು ತಂಬಿಗೆ ಹಾಕಿದ. ಎಲೆಗಳು ಮುಟ್ಟಿದರೆ ಉದುರತೊಡಗಿದವು. ಬಿಸಿಲು ಹೆಚ್ಚಾಯಿತೆಂದು ಒಳಗೆ ತಂದ. ಗಾಳಿ ತಾಗುತ್ತದೆಂದು ಕಿಟಕಿ ಹಾಕಿದ.

ತುಂಬಿದ ನೀರಿನಲ್ಲಿ ಬೇರು ಕೊಳೆಯುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ ಮಾತಲ್ಲ. ಎಷ್ಟೋ ಗಿರಾಕಿಗಳಿಗೆ ಅವನೇ ಹೇಳಿದ್ದ. ಗೊತ್ತಿದ್ದದ್ದು ಕೈಯವರೆಗೆ ಇಳಿಯಲಿಲ್ಲ.

ಮುದುಕಿ ಹೊಸ್ತಿಲಲ್ಲಿ ನಿಂತು ಮೂಗು ಮುಚ್ಚಿಕೊಂಡಳು. "ಏನೋ ಇದು, ಕೊಚ್ಚೆಯ ವಾಸನೆ?"

"ಗೊಬ್ಬರ ಹಾಕಿದ್ದೇನೆ."

"ಗೊಬ್ಬರದ ವಾಸನೆ ನನಗೆ ಗೊತ್ತಿಲ್ಲವೇನೋ! ತೆಗೆಯೋ ಅದನ್ನು. ಈಗಲೇ ತೆಗೆದರೆ ಒಂದು ಕಡ್ಡಿಯಾದರೂ ಉಳಿದೀತು."

"ಅಜ್ಜೀ, ಮುಟ್ಟಬೇಡಿ."

ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ಮುದುಕಿ ಕೇಳಿದ್ದು ಅದೇ ಮೊದಲು. ಹೊರಟುಹೋದಳು.

ಒಂದು ದಿನ ಬೆಳಿಗ್ಗೆ ಗಿಡ ಒಂದು ಪಕ್ಕಕ್ಕೆ ಒರಗಿತ್ತು. ಆಗ ಅವನು ಎದ್ದ. ಉಳಿ ತಂದ, ಸುತ್ತಿಗೆ ತಂದ. ಕುಂಡವನ್ನು ಮಡಿಲಲ್ಲಿ ಒರಗಿಸಿಕೊಂಡು ತಳಕ್ಕೆ ಉಳಿಯಿಟ್ಟು ಹೊಡೆದ. ಹಸಿಯಿದ್ದಾಗ ಒಂದು ಒದ್ದೆ ಬೆರಳಿನಲ್ಲಿ ಆಗುವುದು ಸುಟ್ಟ ಮೇಲೆ ಸುತ್ತಿಗೆಯಿಂದ ಆಗುವುದಿಲ್ಲ. ತೂತಾಗಲಿಲ್ಲ. ಕುಂಡ ತಳದಿಂದ ಅಂಚಿನವರೆಗೆ ಸೀಳಿತು. ಕಪ್ಪು ನೀರು ಅವನ ಮಡಿಲಿಗೆ ಸುರಿಯಿತು. ಅದರ ಜೊತೆಗೆ ಬೇರು ಹರಿದು ನಾರುನಾರಾಗಿ ಬಂತು. ಅವನು ಕಾಂಡವನ್ನು ಗೆಣ್ಣು ಗೆಣ್ಣಾಗಿ ಒತ್ತಿ ನೋಡಿದ. ದೊಡ್ಡಪತ್ರೆ ಗಟ್ಟಿ ಗಿಡ. ಒಂದು ಗೆಣ್ಣು ನೆಟ್ಟಗಿದ್ದರೂ ಚಿಗುರುತ್ತದೆ. ತುದಿಯವರೆಗೆ ಒತ್ತಿದ. ಎಲ್ಲವೂ ಮೆತ್ತಗಿತ್ತು.

ಅವನು ಅಲ್ಲೇ ಕುಳಿತು ಅತ್ತ. ಮಸಣದಲ್ಲಿ ಅತ್ತಿರಲಿಲ್ಲ.

ಸದ್ದು ಕೇಳಿ ಮುದುಕಿ ಬಂದಳು. ನೋಡಿದಳು. ತನ್ನ ಹಿತ್ತಲಿಗೆ ಹೋದಳು. ಮತ್ತೆ ಬಂದಾಗ ಅವಳ ಕೈಯಲ್ಲಿ ಒಂದು ಗೇಣುದ್ದದ ಕಡ್ಡಿಯಿತ್ತು, ತುದಿಯಲ್ಲಿ ಆರು ಎಲೆ.

"ತಗೋ. ನಿನ್ನವಳೇ ಕೊಟ್ಟದ್ದು, ನಮ್ಮ ಹಿತ್ತಲಲ್ಲಿ ಬೆಳೆಯಿತು. ಅದೇ ಗಿಡ."

ಅವನು ಎರಡೂ ಕೈ ಚಾಚಿ ತೆಗೆದುಕೊಂಡ. ನೆಡಲು ಕುಂಡಕ್ಕಾಗಿ ಮನೆಯೆಲ್ಲ ನೋಡಿದ. ಗೋಡೆಯುದ್ದಕ್ಕೆ ನಲವತ್ತು ಕುಂಡಗಳಿದ್ದವು. ಒಂದಕ್ಕೂ ತೂತಿರಲಿಲ್ಲ.

"ನಮ್ಮ ಹಿತ್ತಲಿನ ನೆಲಕ್ಕೆ ಚುಚ್ಚಿಬಿಡಲಾ?" ಎಂದು ಮುದುಕಿ ಕೇಳಿದಳು.

"ಬೇಡ. ನಾನೇ ಮಾಡುತ್ತೇನೆ" ಎಂದು ಕುಂಬಾರ ಕಡ್ಡಿಯನ್ನು ನೆರಳಿನಲ್ಲಿಟ್ಟು ಮಣ್ಣು ಕಲಸಿದ. ತಿಗರಿ ತಿರುಗಿಸಿ ಒಂದು ಸಣ್ಣ ಕುಂಡ ಎತ್ತಿದ. ಅದು ಅರೆ ಒಣಗುವವರೆಗೆ ಕಾದ. ಮಗುಚಿ ಹಾಕಿದ. ತೋರುಬೆರಳನ್ನು ನೀರಿನಲ್ಲಿ ಅದ್ದಿದ.

ಗುರುತಾಯಿ ಅಲ್ಲಿಗೆ ನಿಲ್ಲಿಸಿದರು.

ಶಿಷ್ಯೆ ತಡೆಯಲಾರದೆ ಕೇಳಿದಳು: "ಆಮೇಲೆ, ಅಮ್ಮಾ? ಚುಚ್ಚಿದನೇ?"

ಗುರುತಾಯಿ ಆಕೆಯ ಸೆರಗಿನ ತುದಿಯಲ್ಲಿದ್ದ ಗಂಟನ್ನು ನೋಡಿದರು.

"ಅಲ್ಲಿ ಕಟ್ಟಿಕೊಂಡಿರುವುದು ಯಾವ ಬಾಗಿಲಿನ ಬೀಗದ ಕೈ, ಮಗಳೇ?"

ಶಿಷ್ಯೆ ಆ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ನೀಲಗಂಗಮ್ಮ ಟೀಚರ್ ನಮಗೆ ಹೇಳಿದ್ದೂ ಇಷ್ಟೇ. ಆಕೆ ಎದ್ದು ಮನೆಗೆ ಹೋದಳೇ ಎಂದು ನಾವು ಕೇಳಿದೆವು. ಟೀಚರ್ ಅದನ್ನು ಹೇಳಲಿಲ್ಲ. "ನಿಮಗೆ ಇದು ಯಾರನ್ನು ನೆನಪಿಸುತ್ತದೋ, ಅವರ ಪಕ್ಕದಲ್ಲಿ ಕೂತು ಹೇಳಿ. ಎದುರಿಗೆ ನಿಂತು ಹೇಳಬೇಡಿ" ಎಂದಷ್ಟೇ ಅಂದರು. ನಾನು ನಿಮಗೆ ಹೇಳಿದ್ದಾಯಿತು. ಇನ್ನು ನೀವು ಹೇಳಿ.